ಸಿನ್‌ಗ್ಯಾಸ್‌ನಿಂದ ಡಿಎಂಇ: 120 ಗಂಟೆಗೇ ಹೈಬ್ರಿಡ್ ಕ್ಯಾಟಲಿಸ್ಟ್ ಸೊರಗಿತು. ಸತ್ತಿದ್ದು ತಾಮ್ರವೋ, ಜಿಯೋಲೈಟೋ?

ಜೋಗಿಮಟ್ಟಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಲ್ಯಾಬೊಂದರಲ್ಲಿ ಸಿನ್‌ಗ್ಯಾಸ್‌ನಿಂದ (ಸಿಒ, ಅಂದರೆ ಕಾರ್ಬನ್ ಮೊನಾಕ್ಸೈಡ್, ಮತ್ತು ಹೈಡ್ರೋಜನ್‌ನ ಮಿಶ್ರಣ) ಒಂದೇ ರಿಯಾಕ್ಟರ್‌ನಲ್ಲಿ ನೇರವಾಗಿ ಡೈಮೀಥೈಲ್ ಈಥರ್, ಅಂದರೆ ಡಿಎಂಇ, ತೆಗೆಯುವ ಕೆಲಸ ನಡೆದಿದೆ. ಸದ್ಯಕ್ಕೆ ಸಿಲಿಂಡರ್ ಗ್ಯಾಸ್. ಮುಂದೆ ಮೆಕ್ಕೆಜೋಳದ ಬೆಂಡಿನ ಗ್ಯಾಸಿಫೈಯರ್‌ಗೆ ಜೋಡಿಸುವ ಯೋಚನೆ ಇದೆ. ಕ್ಯಾಟಲಿಸ್ಟ್ (ವೇಗವರ್ಧಕ) ಐದು ದಿನಕ್ಕೇ ಇಳಿದುಹೋಗುತ್ತಿದೆ.

ಕ್ಯಾಟಲಿಸ್ಟ್: ತಾಮ್ರ-ಝಿಂಕ್ ಆಕ್ಸೈಡ್-ಅಲ್ಯೂಮಿನಾ 2 ಪಾಲು, ಎಚ್‌ಝಡ್‌ಎಸ್‌ಎಂ-5 ಜಿಯೋಲೈಟ್ 1 ಪಾಲು. ತಾಮ್ರದ ಭಾಗ ಸಿನ್‌ಗ್ಯಾಸನ್ನು ಮೆಥನಾಲ್ ಮಾಡುತ್ತದೆ, ಆಸಿಡ್ ಗುಣದ ಜಿಯೋಲೈಟ್ ಆ ಮೆಥನಾಲನ್ನು ಡಿಎಂಇ ಮಾಡುತ್ತದೆ. ಜಿಯೋಲೈಟ್‌ನ ಸಿಲಿಕಾನ್-ಅಲ್ಯೂಮಿನಿಯಂ ಅನುಪಾತ 25. ಎರಡನ್ನೂ ಒಟ್ಟಿಗೆ ನುಣ್ಣಗೆ ಅರೆದು, ಪ್ರೆಸ್‌ನಲ್ಲಿ ಬಿಲ್ಲೆ ಮಾಡಿ, ಒಡೆದು, 40-60 ಮೆಶ್ (ಜರಡಿಯ ಕಣ್ಣಿನ ಅಳತೆ) ಸಾಣಿಸಿದ್ದು. ಒಟ್ಟು 1 ಗ್ರಾಂ, ಬೇರೇನೂ ಬೆರೆಸಿಲ್ಲ.

ರಿಯಾಕ್ಟರ್: 316 ಸ್ಟೀಲ್ ಟ್ಯೂಬ್, ಒಳವ್ಯಾಸ 9 ಮಿಮೀ. ಥರ್ಮೋಕಪಲ್ ಟ್ಯೂಬಿನ ಹೊರಮೈಗೆ ಅಂಟಿಕೊಂಡಿದೆ.

ರಿಡಕ್ಷನ್ (ತಾಮ್ರದ ಆಕ್ಸೈಡನ್ನು ಲೋಹದ ತಾಮ್ರವಾಗಿಸುವುದು): ಸಾರಜನಕದಲ್ಲಿ 5% ಹೈಡ್ರೋಜನ್, ನಿಮಿಷಕ್ಕೆ 50 ಮಿಲೀ. ನಿಮಿಷಕ್ಕೆ 5 ಡಿಗ್ರಿಯಂತೆ 300ಕ್ಕೆ ಏರಿಸಿ 2 ಗಂಟೆ.

ಓಟ: 260 ಡಿಗ್ರಿ ಸೆಲ್ಸಿಯಸ್, 40 ಬಾರ್, ನಿಮಿಷಕ್ಕೆ 50 ಮಿಲೀ. ಹೈಡ್ರೋಜನ್ 45, ಸಿಒ 45, ಸಿಒ2 4, ಉಳಿದ 6 ಸಾರಜನಕ. ಲೆಕ್ಕಕ್ಕೆ ಆಧಾರ ಆ ಸಾರಜನಕದ ಪೀಕ್. ರಿಯಾಕ್ಟರ್ ಆದ ಮೇಲೆ ದ್ರವ ಹಿಡಿಯುವ ಐಸ್ ಟ್ರ್ಯಾಪ್, ಅದರ ನಂತರ ಒತ್ತಡ ಹಿಡಿದಿಡುವ ಬ್ಯಾಕ್ ಪ್ರೆಶರ್ ರೆಗ್ಯುಲೇಟರ್, ಆಮೇಲೆ ಜಿಸಿ, ಅಂದರೆ ಗ್ಯಾಸ್‌ನಲ್ಲಿ ಏನೇನಿದೆ ಎಂದು ಪೀಕ್‌ಗಳಾಗಿ ತೋರಿಸುವ ಗ್ಯಾಸ್ ಕ್ರೊಮ್ಯಾಟೊಗ್ರಾಫ್.

ಸಿಒ ಕನ್ವರ್ಷನ್ (ಒಳಹೋದ ಸಿಒನಲ್ಲಿ ಬದಲಾದ ಪಾಲು) ಮೊದಲ ದಿನ 62% ಇದ್ದದ್ದು 120 ಗಂಟೆಗೆ 37%. ತಲೆ ತಿನ್ನುವುದು ಬೇರೆ ವಿಷಯ: ಡಿಎಂಇ ಪೀಕ್ ಅಷ್ಟೇನೂ ಇಳಿದಿಲ್ಲ, ಮೊದಲಿಂದ ಕೊನೆವರೆಗೂ 6ರಿಂದ 7% ಆಸುಪಾಸಿನಲ್ಲೇ ನಿಂತಿದೆ. ಮೆಥನಾಲ್ ಪೀಕ್ ಕಾಣುವುದೇ ಕಡಿಮೆ, ಅದೂ ಹೆಚ್ಚಾಗಿಲ್ಲ. ಮೊದಲೆರಡು ದಿನ ಒಳಹೋದ, ಹೊರಬಂದ ಕಾರ್ಬನ್ ಲೆಕ್ಕ ಕೂಡುತ್ತಲೇ ಇರಲಿಲ್ಲ, ಕೊನೆಗೆ ಹೆಚ್ಚುಕಡಿಮೆ ಕೂಡಿತು. ಮೆಥನಾಲ್ ಉಳಿಯುತ್ತಿಲ್ಲ ಎಂದರೆ ಆಸಿಡ್ ಭಾಗ ಚೆನ್ನಾಗಿದೆ, ತಾಮ್ರವೇ ಸಿಂಟರ್ ಆಗಿದೆ (ಸಣ್ಣ ಕಣಗಳು ಅಂಟಿ ದೊಡ್ಡವಾಗಿವೆ) ಎಂದು ತೀರ್ಮಾನಿಸಬಹುದೇ? ಮೂರನೇ ದಿನದಿಂದ ಮೀಥೇನ್, ಈಥೇನ್, ಪ್ರೊಪೇನ್‌ನ ಸಣ್ಣ ಪೀಕ್‌ಗಳೂ ಬರುತ್ತಿವೆ.

ಬೆಣ್ಣೆದೋಸೆ

ತಾಮ್ರದ ಮೇಲೆ ತಪ್ಪು ಹೊರಿಸೋಕೆ ಮೊದಲು ಟ್ರ್ಯಾಪ್ ಕಡೆ ನೋಡ್ರಿ. ಜಿಸಿ ನಿಮಗೆ ತೋರಿಸುತ್ತಿರೋದು ರಿಯಾಕ್ಟರ್‌ನಿಂದ ಬಂದ ಗ್ಯಾಸ್ ಅಲ್ಲ, ಐಸ್ ಟ್ರ್ಯಾಪ್ ನುಂಗಿ ಬಿಟ್ಟ ಎಂಜಲು.

ಮೆಥನಾಲ್ 0 ಡಿಗ್ರಿಯಲ್ಲಿ, 40 ಬಾರ್‌ನಲ್ಲಿ ಪೂರಾ ದ್ರವ. ಎಷ್ಟೇ ಹುಟ್ಟಿದರೂ ಪೀಕ್ ಅಷ್ಟೇ ಇರುತ್ತೆ. ಡಿಎಂಇ ಕಥೆ ಇನ್ನೂ ಮಜಾ. ಅದರ ಕುದಿಬಿಂದು ಮೈನಸ್ 25 ಡಿಗ್ರಿ, ಆದ್ದರಿಂದ ಐಸ್‌ನಲ್ಲಿ ಹಿಡಿಯಲ್ಲ ಅಂತ ಎಲ್ಲರೂ ಅಂದುಕೊಳ್ಳೋದು. ಅದು ವಾತಾವರಣದ ಒತ್ತಡದ ಮಾತು. 0 ಡಿಗ್ರಿಯಲ್ಲಿ ಡಿಎಂಇ ಆವಿಯೊತ್ತಡ ಸುಮಾರು 2.6 ಬಾರ್. ನಿಮ್ಮ ಟ್ರ್ಯಾಪ್ ಇರೋದು ರೆಗ್ಯುಲೇಟರ್‌ಗೆ ಮುಂಚೆ, ಅಂದರೆ 40 ಬಾರ್‌ನಲ್ಲಿ. 2.6 ಭಾಗಿಸು 40, ಬರೋದು 6.5%. ನಿಮ್ಮ ಪೀಕ್ ನಿಂತ ಜಾಗ ನೋಡಿ! ಕ್ಯಾಟಲಿಸ್ಟ್ ಎಷ್ಟು ಮಾಡಿದರೂ ಅದಕ್ಕಿಂತ ಹೆಚ್ಚು ಗ್ಯಾಸ್‌ನಲ್ಲಿ ಉಳಿಯಲ್ಲ, ಮಿಕ್ಕಿದ್ದು ಟ್ರ್ಯಾಪಿಗೆ ಇಳಿಯುತ್ತೆ. 62% ಕನ್ವರ್ಷನ್‌ನಲ್ಲಿ ರಿಯಾಕ್ಟರ್ ಬಾಯಲ್ಲಿ ಡಿಎಂಇ ಪಾಲು 14% ಮೇಲೆ ಇರಬೇಕು, ಅರ್ಧಕ್ಕಿಂತ ಹೆಚ್ಚು ಕಳೆದುಹೋಗಿದೆ. ಕೊನೆಗೆ ಉತ್ಪತ್ತಿಯೇ 6% ಹತ್ತಿರಕ್ಕೆ ಇಳಿದಾಗ ಕಾರ್ಬನ್ ಲೆಕ್ಕ ಸರಿಹೋಯಿತು. ಡ್ರೈನ್ ವಾಲ್ವ್ ತೆಗೆದಾಗ ಮೊದಲ ದಿನ ಗೋಲಿಸೋಡಾ ಒಡೆದಂಗೆ ಬುಸ್ ಅಂದು ನೊರೆ ಬರುತ್ತಿತ್ತಲ್ಲವಾ? ಅದೇ ಡಿಎಂಇ. ಅಂದಹಾಗೆ ಅದು ಬೆಂಕಿ ಹತ್ತುವ ಗ್ಯಾಸ್, ಬೀಕರ್‌ಗೆ ಸುಮ್ಮನೆ ಬಿಡಬೇಡಿ, ಹುಡ್‌ನಲ್ಲಿ ಮಾಡಿ.

ಸಿಒ ಮತ್ತು ಸಾರಜನಕ ಎರಡೂ ಟ್ರ್ಯಾಪ್‌ನಲ್ಲಿ ನಿಲ್ಲೋದಿಲ್ಲವಾದ್ದರಿಂದ 62, 37 ಎರಡೂ ನಂಬಬಹುದು. ಮಿಕ್ಕಿದ್ದನ್ನ ಬಿಡಿ. ಮೊದಲು ಮಾಡಬೇಕಾದ್ದು: ಟ್ರ್ಯಾಪ್ ತೆಗೆಯಿರಿ, ರಿಯಾಕ್ಟರ್‌ನಿಂದ ಜಿಸಿ ವಾಲ್ವ್‌ವರೆಗೆ ಲೈನ್‌ಗೂ ರೆಗ್ಯುಲೇಟರ್‌ಗೂ ಹೀಟಿಂಗ್ ಟೇಪ್ ಸುತ್ತಿ 150 ಡಿಗ್ರಿ ಇಡಿ. ರೆಗ್ಯುಲೇಟರ್ ಒಳಗಿನ ಸೀಲ್ ಅಷ್ಟು ಬಿಸಿ ತಡೆಯುತ್ತಾ ಅಂತ ಮೊದಲೇ ನೋಡಿಕೊಳ್ಳಿ. ಒಂದು ಕಡೆ ಟೇಪ್ ಬಿಟ್ಟುಹೋದರೂ ಮೆಥನಾಲ್ ಅಲ್ಲೇ ಕೂತು, ಗಂಟೆಗೊಮ್ಮೆ ಗುಟುಕು ಗುಟುಕಾಗಿ ಬಂದು ಪೀಕ್ ಕುಣಿಸುತ್ತೆ.

ಇನ್ನು ಅಸಲು ಪ್ರಶ್ನೆ. ಬರೀ ಸಿಒ ಕನ್ವರ್ಷನ್ ನೋಡಿ ಯಾರು ಸತ್ತರು ಅಂತ ಹೇಳೋಕಾಗಲ್ಲ, ಯಾಕಂದರೆ ಜಿಯೋಲೈಟ್ ಸತ್ತರೂ ಸಿಒ ಕನ್ವರ್ಷನ್ ಬೀಳುತ್ತೆ. 260 ಡಿಗ್ರಿ, 40 ಬಾರ್, ನಿಮ್ಮ ಫೀಡ್: ಬರೀ ಮೆಥನಾಲ್ ಮಾಡಿ ನಿಲ್ಲಿಸಿದರೆ ಸಮತೋಲನದಲ್ಲಿ ಸಿಒ ಕನ್ವರ್ಷನ್ 17-18% ಮಾತ್ರ. ಅದಕ್ಕಿಂತ ಮುಂದಕ್ಕೆ ತಾಮ್ರ ಎಷ್ಟೇ ಗಟ್ಟಿ ಇದ್ದರೂ ಹೋಗಲ್ಲ. ಜಿಯೋಲೈಟ್ ಆ ಮೆಥನಾಲ್‌ನ ಎತ್ತಿಕೊಂಡು ಡಿಎಂಇ ಮಾಡುತ್ತೆ, ಹುಟ್ಟಿದ ನೀರು ತಾಮ್ರದ ಮೇಲೆ ಸಿಒ ಜೊತೆ ಸೇರಿ ಹೈಡ್ರೋಜನ್ ಆಗುತ್ತೆ, ಹೀಗೆ ದಾರಿ ಖಾಲಿ ಆಗೋದರಿಂದ ಮಿತಿ ಮುಕ್ಕಾಲು ಪಾಲಿನ ಮೇಲಕ್ಕೆ ಏರುತ್ತೆ. ಎತ್ತುವವನು ಸುಸ್ತಾದರೆ ಮಾಡುವವನ ಕೈಯೂ ಕಟ್ಟಿದಂಗೆ.

ಹಾಗಾಗಿ ನೋಡಬೇಕಾದ್ದು ಮೆಥನಾಲ್ ಮತ್ತು ಡಿಎಂಇ ಅನುಪಾತ. ಕನ್ವರ್ಷನ್ ಬಿದ್ದರೂ ಮೆಥನಾಲ್ ಪಾಲು ಚಿಕ್ಕದಾಗೇ ಇದ್ದರೆ ತಾಮ್ರ ಹೋಗಿದೆ. ಕನ್ವರ್ಷನ್ ಬೀಳುತ್ತಾ ಮೆಥನಾಲ್ ಪಾಲು ಏರುತ್ತಿದ್ದರೆ ಆಸಿಡ್ ಹೋಗಿದೆ. ನಿಮ್ಮ ಹತ್ತಿರ ಹಳೇ ಟ್ರ್ಯಾಪ್ ದ್ರವ ಇದ್ದರೆ ತೂಕ ಮತ್ತು ಅದರಲ್ಲಿ ಮೆಥನಾಲ್ ಎಷ್ಟು ಅಂತ ಹೇಳಿ.

ಮತ್ತೊಂದು. ಹೈಡ್ರೋಜನ್ ಜಾಸ್ತಿ ಕೊಟ್ಟರೆ ಕೋಕ್ (ಕ್ಯಾಟಲಿಸ್ಟ್ ಮೇಲೆ ಕೂರೋ ಕಾರ್ಬನ್ ಮಸಿ) ಕಮ್ಮಿ ಅಂತ ಯಾರಾದರೂ ಹೈಡ್ರೋಜನ್-ಸಿಒ 2:1 ಮಾಡಿ ಅಂದಾರು. ಕೋಕ್ ಕಮ್ಮಿ ಆಗೋದು ನಿಜ, ಆದರೆ ನೀರನ್ನ ತಿನ್ನೋಕೆ ಸಿಒ ಸಾಲದೆ ಬೆಡ್ (ಟ್ಯೂಬಿಗೆ ತುಂಬಿದ ಕ್ಯಾಟಲಿಸ್ಟ್) ಒದ್ದೆ ಆಗುತ್ತೆ. ಆ ನೀರು ತಾಮ್ರದ ಕಣಗಳನ್ನ ಒಂದಕ್ಕೊಂದು ಅಂಟಿಸುತ್ತೆ. ಜಿಯೋಲೈಟ್ ಬದಲು ಗ್ಯಾಮಾ ಅಲ್ಯೂಮಿನಾ ಹಾಕಿದವರಿಗೆ ಇನ್ನೂ ಕಷ್ಟ, ನೀರು ಅದರ ಆಸಿಡ್ ಜಾಗಗಳ ಮೇಲೇ ಕೂರುತ್ತೆ. ಸದ್ಯ 1:1 ಬಿಡಿ.

ಸಾಣಿಗೆ

ಬೆಣ್ಣೆದೋಸೆ ಅವರ ಮಾತು ಸರಿ. ನನ್ನ ಕಣ್ಣಿಗೆ ಬಿದ್ದದ್ದು "ಒಟ್ಟಿಗೆ ನುಣ್ಣಗೆ ಅರೆದು" ಎಂಬ ಮೂರು ಪದ.

ಕಣಗಳು ಹತ್ತಿರ ಇದ್ದಷ್ಟೂ ಮೆಥನಾಲ್ ಬೇಗ ಜಿಯೋಲೈಟ್‌ಗೆ ತಲುಪುತ್ತದೆ ಎಂಬುದು ಪುಸ್ತಕದ ತರ್ಕ. ಆದರೆ ಮೆಥನಾಲ್ ಮಾತ್ರ ಅಲ್ಲ, ಝಿಂಕ್ ಮತ್ತು ತಾಮ್ರದ ಅಯಾನ್‌ಗಳೂ ಅದೇ ಹತ್ತಿರದ ದಾರಿ ಹಿಡಿಯುತ್ತವೆ. ಕಣ ಕಣಕ್ಕೆ ಮುಟ್ಟಿಕೊಂಡಿದ್ದು, 260 ಡಿಗ್ರಿ, ಜೊತೆಗೆ ಹಬೆ ಇದ್ದರೆ ಝಿಂಕ್ ನಿಧಾನವಾಗಿ ಜಿಯೋಲೈಟ್ ಒಳಗೆ ಸರಿದು, ಆಸಿಡ್ ಪ್ರೋಟಾನ್‌ನ ಎಬ್ಬಿಸಿ ತಾನು ಕೂರುತ್ತದೆ. ಒಂದು ಝಿಂಕ್ ಅಯಾನ್ ಎರಡು ಪ್ರೋಟಾನ್‌ನ ಜಾಗ ತಿನ್ನಬಲ್ಲದು.

ಲೆಕ್ಕ ಹಾಕಿದರೆ ಹೆದರಿಕೆ ಆಗುತ್ತದೆ. ಅನುಪಾತ 25ರ ಜಿಯೋಲೈಟ್‌ನಲ್ಲಿ ಗ್ರಾಂಗೆ ಸುಮಾರು 0.64 ಮಿಲಿಮೋಲ್ ಆಸಿಡ್ ಜಾಗ. ನಿಮ್ಮ 0.33 ಗ್ರಾಂನಲ್ಲಿ 0.21 ಮಿಲಿಮೋಲ್. ಇನ್ನೊಂದು ಕಡೆ 0.67 ಗ್ರಾಂ ತಾಮ್ರದ ಕ್ಯಾಟಲಿಸ್ಟ್‌ನಲ್ಲಿ ಝಿಂಕ್ ಆಕ್ಸೈಡ್ ತೂಕದಲ್ಲಿ ಶೇಕಡಾ 28ರ ಹತ್ತಿರ ಇದ್ದರೆ ಝಿಂಕ್ 2.3 ಮಿಲಿಮೋಲ್. ಅದರಲ್ಲಿ 0.1 ಮಿಲಿಮೋಲ್, ಅಂದರೆ ನೂರಕ್ಕೆ ಐದೂ ಅಲ್ಲ, ಅಷ್ಟು ಸರಿದರೆ ಸಾಕು, ಆಸಿಡ್ ಪೂರ್ತಿ ಖಾಲಿ. ತಾಮ್ರದ ಕಡೆ ಏನೂ ಕಡಿಮೆಯಾದಂತೆ ಕಾಣುವುದೂ ಇಲ್ಲ.

ಸೋಡಿಯಂ ಬಗ್ಗೆಯೂ ಕೇಳುತ್ತೇನೆ. ತಾಮ್ರದ ಕ್ಯಾಟಲಿಸ್ಟ್ ನೀವೇ ಸೋಡಿಯಂ ಕಾರ್ಬೊನೇಟ್‌ನಿಂದ ಇಳಿಸಿದ್ದಾದರೆ ತೊಳೆಯುವುದು ಸಾಲದೆ ಉಳಿದ ಸೋಡಿಯಂ ಕೂಡ ಜಿಯೋಲೈಟ್‌ಗೇ ಹೋಗಿ ಸೇರುತ್ತದೆ. ಬಿಸಿನೀರಿನಲ್ಲಿ ಐದಾರು ಸಲ ತೊಳೆದು, ಕೊನೆಯ ತೊಳೆನೀರಿನ ಕಂಡಕ್ಟಿವಿಟಿ ಡಿಸ್ಟಿಲ್ಡ್ ನೀರಿನ ಹತ್ತಿರಕ್ಕೆ ಬರಬೇಕು. ನಮ್ಮ ಕಡೆ ಬೋರ್ ನೀರಿನಲ್ಲಿ ತೊಳೆದು ಕೊನೆಗೊಮ್ಮೆ ಡಿಸ್ಟಿಲ್ಡ್ ನೀರು ತೋರಿಸುವ ಅಭ್ಯಾಸ ಇದೆ. ಮಾಡಬೇಡಿ. ಆ ನೀರಿನ ಕ್ಲೋರೈಡ್ ತಾಮ್ರಕ್ಕೆ ಗಂಧಕಕ್ಕಿಂತ ಕೆಟ್ಟದ್ದು, ತಾಮ್ರದ ಕ್ಲೋರೈಡ್ ಕಡಿಮೆ ಬಿಸಿಯಲ್ಲೇ ಓಡಾಡಲು ಶುರುಮಾಡಿ ಸಣ್ಣ ಕಣಗಳನ್ನು ದೊಡ್ಡವಾಗಿಸುತ್ತದೆ.

ಪರೀಕ್ಷೆ ಸುಲಭ. ಒಂದೇ ಬ್ಯಾಚಿನ ಎರಡು ಪುಡಿಗಳಿಂದ ಮೂರು ಬೆಡ್ ಮಾಡಿ. ಒಂದು ಈಗಿನಂತೆ ಅರೆದದ್ದು. ಎರಡನೆಯದು ಬೇರೆ ಬೇರೆ ಬಿಲ್ಲೆ ಮಾಡಿ, ಬೇರೆ ಬೇರೆ ಒಡೆದು, ಹರಳುಗಳನ್ನು ಮಾತ್ರ ಬೆರೆಸಿದ್ದು. ಮೂರನೆಯದು ಮೇಲೆ ತಾಮ್ರ, ಕೆಳಗೆ ಜಿಯೋಲೈಟ್, ನಡುವೆ ಕ್ವಾರ್ಟ್ಜ್ ವುಲ್. ಮೂರನೆಯದರಲ್ಲಿ ಕನ್ವರ್ಷನ್ ಮೊದಲೇ ಕಡಿಮೆ, ತಾಮ್ರದ ಪದರ ಮೆಥನಾಲ್ ಮಿತಿಗೇ ನಿಲ್ಲುತ್ತದೆ. ಅಲ್ಲಿ ನೋಡಬೇಕಾದ್ದು ಇಳಿಯುವ ವೇಗವೇ ಹೊರತು ಎತ್ತರವಲ್ಲ. ಮೊದಲನೆಯದು ಬೇಗ ಬಿದ್ದು ಎರಡನೆಯದು ನಿಂತರೆ ಅಯಾನ್ ಸರಿಯುವುದೇ ಕಾರಣ. ಎರಡೂ ಒಂದೇ ವೇಗದಲ್ಲಿ ಬಿದ್ದರೆ ಗ್ಯಾಸ್ ಅಥವಾ ಬಿಸಿ ಕಡೆ ಹುಡುಕಿ.

ಎರಡನೇ ಬೆಡ್‌ಗೆ ಒಂದು ಉಪಾಯ. ತಾಮ್ರವನ್ನು 40-60 ಮೆಶ್, ಅಂದರೆ 425ರಿಂದ 250 ಮೈಕ್ರಾನ್ ಇಡಿ. ಜಿಯೋಲೈಟನ್ನು 20-30 ಮೆಶ್, 850ರಿಂದ 600 ಮೈಕ್ರಾನ್. ಓಟ ಮುಗಿದ ಮೇಲೆ 30 ಮೆಶ್ ಸಾಣಿಗೆಯಲ್ಲಿ ಆಡಿಸಿದರೆ ಜಿಯೋಲೈಟ್ ಮೇಲೆ, ತಾಮ್ರ ಕೆಳಗೆ. ಜಿಯೋಲೈಟ್‌ನ ಅಮೋನಿಯಾ ಟಿಪಿಡಿ (ಅಮೋನಿಯಾ ಅಂಟಿಸಿ, ಕಾಯಿಸಿ ಬಿಡಿಸಿ, ಆಸಿಡ್ ಜಾಗ ಅಳೆಯುವುದು) ಮಾಡಬಹುದು, ತಾಮ್ರಕ್ಕೆ ನೈಟ್ರಸ್ ಆಕ್ಸೈಡ್ ಹಾಯಿಸಿ ಮೇಲ್ಮೈ ಅಳೆಯಬಹುದು. ಅರೆದ ಮಿಶ್ರಣದ ಮೇಲೆ ಟಿಪಿಡಿ ಮಾಡಿದರೆ ಅಮೋನಿಯಾ ತಾಮ್ರ, ಝಿಂಕ್‌ಗೂ ಅಂಟಿ ಪೀಕ್ ಯಾರದೆಂದು ಗೊತ್ತಾಗುವುದಿಲ್ಲ. ಬೇರೆ ಬೇರೆ ಗಾತ್ರದ ಹರಳು ಒಟ್ಟಿಗೆ ಸುರಿದರೆ ಸಣ್ಣವು ಕೆಳಗೆ ಇಳಿಯುತ್ತವೆ, ಆದ್ದರಿಂದ ಹತ್ತು ಹದಿನೈದು ಸಣ್ಣ ಚಮಚಗಳಾಗಿ ತುಂಬಿ, ಟ್ಯೂಬನ್ನು ಜಾಸ್ತಿ ಕುಟ್ಟಬೇಡಿ.

ಟ್ಯೂಬ್ ಬಿಚ್ಚುವ ಮುಂಚೆ ನೆನಪಿರಲಿ: ರಿಡ್ಯೂಸ್ ಆದ ತಾಮ್ರಕ್ಕೆ ಗಾಳಿ ತಗುಲಿದರೆ ತಾನೇ ಕಾದು ಕೆಂಪಾಗುತ್ತದೆ. ತಣ್ಣಗಾದ ಮೇಲೆ ಸಾರಜನಕದಲ್ಲಿ 1% ಆಮ್ಲಜನಕ ಎರಡು ಮೂರು ಗಂಟೆ ಹಾಯಿಸಿ, ಬೆಡ್ ಬಿಸಿ ಏರುವುದು ನಿಂತ ಮೇಲೆ ತೆಗೆಯಿರಿ. ಇಲ್ಲದಿದ್ದರೆ ಎಕ್ಸ್‌ಆರ್‌ಡಿಯಲ್ಲಿ (ಕಣದ ಗಾತ್ರ ತಿಳಿಸುವ ಎಕ್ಸ್-ರೇ ಪರೀಕ್ಷೆ) ಕಾಣುವ ಸಿಂಟರಿಂಗ್ ರಿಯಾಕ್ಟರ್‌ನಲ್ಲಿ ಆದದ್ದೋ ನಿಮ್ಮ ಮೇಜಿನ ಮೇಲೆ ಆದದ್ದೋ ತಿಳಿಯದು.

ಇಂಗಳದಾಳ

ಮೀಥೇನ್, ಈಥೇನ್, ಪ್ರೊಪೇನ್ ಬಗ್ಗೆ ಯಾರೂ ಮಾತಾಡಿಲ್ಲ. ಅದು ಮೂರನೇ ದಿನದಿಂದ ಶುರುವಾಗಿದ್ದು ಅನ್ನೋದೇ ಸುಳಿವು.

ಪೀಕ್‌ಗಳ ಎತ್ತರ ಹೇಗಿದೆ? ಮೀಥೇನ್ ದೊಡ್ಡದು, ಈಥೇನ್ ಅದಕ್ಕಿಂತ ಸಣ್ಣ, ಪ್ರೊಪೇನ್ ಇನ್ನೂ ಸಣ್ಣ, ಹೀಗೆ ಮೆಟ್ಟಿಲಿನ ಹಾಗೆ ಇಳಿಯುತ್ತಿದ್ದರೆ ಕಬ್ಬಿಣ ಕೂತಿದೆ ಅಂತ ಅರ್ಥ, ಅದು ಫಿಶರ್-ಟ್ರಾಪ್ಷ್ (ಸಿಒ, ಹೈಡ್ರೋಜನ್ ಸೇರಿ ಹೈಡ್ರೋಕಾರ್ಬನ್ ಸರಪಳಿ ಆಗೋ ಕ್ರಿಯೆ) ಗುರುತು. ಈಥೇನ್ ಕಮ್ಮಿ, ಐಸೊಬ್ಯುಟೇನ್ ಎದ್ದು ಕಾಣುತ್ತಿದ್ದರೆ ಅದು ಜಿಯೋಲೈಟ್‌ನ ಬಲವಾದ ಆಸಿಡ್ ಜಾಗಗಳ ಕೆಲಸ, ಮುಂದೆ ಕೋಕ್ ಆಗೋದೂ ಅಲ್ಲೇ.

ಕಬ್ಬಿಣ ಎಲ್ಲಿಂದ? ಸಿಒ ಒತ್ತಡದಲ್ಲಿ ಕಬ್ಬಿಣದ ಜೊತೆ ಸೇರಿ ಐರನ್ ಪೆಂಟಾಕಾರ್ಬೊನಿಲ್ ಆಗುತ್ತೆ. ಕಾರ್ಬನ್ ಸ್ಟೀಲ್ ಸಿಲಿಂಡರ್‌ನಲ್ಲಿ ತಿಂಗಳುಗಟ್ಟಲೆ ಕೂತ ಸಿಒನಲ್ಲಿ ಇದು ಇದ್ದೇ ಇರುತ್ತೆ. ಬಿಸಿ ಬೆಡ್‌ಗೆ ಬಂದ ಕೂಡಲೇ ಒಡೆದು ಕಬ್ಬಿಣವಾಗಿ ತಾಮ್ರದ ಮೇಲೆ ಇಳಿಯುತ್ತೆ. ಸಿಒನಲ್ಲಿ ಬರೀ 1 ಪಿಪಿಎಂ (ಹತ್ತು ಲಕ್ಷಕ್ಕೆ ಒಂದು ಪಾಲು) ಇದೆ ಅಂದುಕೊಳ್ಳಿ: ನಿಮಿಷಕ್ಕೆ 22.5 ಮಿಲೀ ಸಿಒ, 120 ಗಂಟೆಗೆ 0.4 ಮಿಲಿಗ್ರಾಂ ಕಬ್ಬಿಣ. 0.67 ಗ್ರಾಂ ಮೇಲೆ ಅದು 600 ಪಿಪಿಎಂ. 10 ಪಿಪಿಎಂ ಇದ್ದರೆ 6000. ಅದೂ ಎಲ್ಲಾ ಕಡೆ ಸಮ ಹಂಚಿಕೊಳ್ಳಲ್ಲ, ಬೆಡ್‌ನ ಮೇಲಿನ ಕೆಲವು ಮಿಲಿಮೀಟರ್‌ನಲ್ಲೇ ಕೂರುತ್ತೆ.

ಅದೇ ಲೆಕ್ಕ ಗಂಧಕಕ್ಕೆ ಹಾಕಿ ನೋಡಿ. ಫೀಡ್‌ನಲ್ಲಿ 1 ಪಿಪಿಎಂ ಹೈಡ್ರೋಜನ್ ಸಲ್ಫೈಡ್ ಇದ್ದರೆ 120 ಗಂಟೆಗೆ 16 ಮೈಕ್ರೋಮೋಲ್. ಗ್ರಾಂಗೆ 20 ಚದರ ಮೀಟರ್ ತಾಮ್ರದ ಮೇಲ್ಮೈ ಹಿಡಿದರೆ ನಿಮ್ಮ ಬೆಡ್‌ನಲ್ಲಿ ಮೇಲ್ಮೈ ತಾಮ್ರ 300 ಮೈಕ್ರೋಮೋಲ್ ಮೇಲಿದೆ, ಜೊತೆಗೆ ಝಿಂಕ್ ಆಕ್ಸೈಡ್ ಗಂಧಕವನ್ನ ತಾನೇ ನುಂಗುತ್ತೆ. ಹಾಗಾಗಿ ಸಿಲಿಂಡರ್ ಗ್ಯಾಸ್‌ನ ಐದು ದಿನದ ಓಟಕ್ಕೆ ಗಂಧಕದ ಮೇಲೆ ನಾನಂತೂ ದೂರು ಹೇಳಲ್ಲ. ತಿಂಗಳುಗಟ್ಟಲೆ ಓಡಿಸುವ ಘಟಕದಲ್ಲಿ 0.1 ಪಿಪಿಎಂ ಕೆಳಗೆ ಇಡಬೇಕು ಅನ್ನೋದು ಬೇರೆ ಮಾತು.

ನಮ್ಮ ಇಂಗಳದಾಳದ ಗಣಿಯ ತಾಮ್ರದ ಅದಿರು ಚಾಲ್ಕೋಪೈರೈಟ್: ತಾಮ್ರ, ಕಬ್ಬಿಣ, ಗಂಧಕ ಮೂರೂ ಒಂದೇ ಕಲ್ಲಲ್ಲಿ. ಭೂಮಿಯೊಳಗೆ ಬಿಡಿಸಿಕೊಳ್ಳಲಾರದ ಸ್ನೇಹ ಅದು. ರಿಯಾಕ್ಟರ್‌ನಲ್ಲೂ ಆ ಇಬ್ಬರು ಸಿಕ್ಕರೆ ತಾಮ್ರ ಹಳೇ ಗೆಳೆತನ ಮರೆಯಲ್ಲ.

ಮಾಡಬೇಕಾದ್ದು: ಸಿಒ ಲೈನ್‌ನಲ್ಲಿ, ಮಿಕ್ಸಿಂಗ್‌ಗೆ ಮುಂಚೆ, ಆಕ್ಟಿವೇಟೆಡ್ ಕಾರ್ಬನ್ ಟ್ರ್ಯಾಪ್ ಒಂದು. ಅದರ ನಂತರ ತಾಮ್ರದ ಟ್ಯೂಬಿಗೆ ಸಿಲಿಕಾನ್ ಕಾರ್ಬೈಡ್ ತುಂಬಿ 250 ಡಿಗ್ರಿಯಲ್ಲಿ ಇಡಿ, ಉಳಿದ ಕಾರ್ಬೊನಿಲ್ ಅಲ್ಲೇ ಒಡೆಯುತ್ತೆ. ಸಿಕ್ಕರೆ ಅಲ್ಯೂಮಿನಿಯಂ ಸಿಲಿಂಡರ್‌ನ ಸಿಒ ತರಿಸಿ. ಟ್ರ್ಯಾಪ್ ಆದ ಮೇಲೆ ಕಾರ್ಬನ್ ಸ್ಟೀಲ್ ಫಿಟಿಂಗ್ ಒಂದೂ ಇರಬಾರದು, 100ರಿಂದ 200 ಡಿಗ್ರಿ ಬಿಸಿ ಇರುವ ಜಾಗದಲ್ಲಂತೂ ಬೇಡವೇ ಬೇಡ. ಆಮೇಲೆ ಖಾಲಿ ಓಟ: ಟ್ಯೂಬಿಗೆ ಬರೀ ಸಿಲಿಕಾನ್ ಕಾರ್ಬೈಡ್ ಹಾಕಿ, ಅದೇ ಗ್ಯಾಸ್, 280 ಡಿಗ್ರಿ, ಒಂದು ದಿನ. ಮೀಥೇನ್ ಬಂದರೆ ನಿಮ್ಮ ರಿಯಾಕ್ಟರ್ ಗೋಡೆಯೇ ಕ್ಯಾಟಲಿಸ್ಟ್ ಆಗಿದೆ. ಕಾರ್ಬೊನಿಲ್‌ಗಳು ಸಿಒಗಿಂತ ಎಷ್ಟೋ ಪಾಲು ವಿಷ, ಬಳಸಿದ ಕಾರ್ಬನ್ ಟ್ರ್ಯಾಪ್‌ನ ಕೈಯಲ್ಲಿ ಬಿಚ್ಚಬೇಡಿ. ಸಿಒ ಅಲಾರಂ 25 ಪಿಪಿಎಂಗೆ ಇಟ್ಟಿರಬೇಕು.

ಮೆಕ್ಕೆಜೋಳದ ಬೆಂಡಿನ ಗ್ಯಾಸ್ ಬಗ್ಗೆ ಈಗಲೇ ಒಂದು ಮಾತು. ಗಾಳಿ ಊದುವ ಡೌನ್‌ಡ್ರಾಫ್ಟ್ ಗ್ಯಾಸಿಫೈಯರ್‌ನಲ್ಲಿ ಸಿಒ 20%, ಹೈಡ್ರೋಜನ್ 20% ಆಸುಪಾಸು, ಅರ್ಧದ ಹತ್ತಿರ ಸಾರಜನಕ. ಆ ಸಾರಜನಕವನ್ನೂ 40 ಬಾರ್‌ಗೆ ಒತ್ತಬೇಕು, ಸಿಒ ಪಾಲಿನ ಒತ್ತಡ ಅರ್ಧಕ್ಕಿಂತ ಕೆಳಗೆ. ಆಮ್ಲಜನಕ ಮತ್ತು ಹಬೆ ಇಲ್ಲದೆ ಆ ದಾರಿಗೆ ಹೋಗಬೇಡಿ. ಮತ್ತೆ ಬೆಂಡಿನಲ್ಲಿ ಪೊಟ್ಯಾಸಿಯಂ, ಕ್ಲೋರಿನ್ ಇದೆ, ಗ್ಯಾಸ್‌ನಲ್ಲಿ ಅಮೋನಿಯಾ, ಟಾರ್ ಬರುತ್ತೆ. ಅಮೋನಿಯಾ ನೇರ ಆಸಿಡ್ ಜಾಗಕ್ಕೆ, ಎಚ್‌ಸಿಎಲ್ ನೇರ ತಾಮ್ರಕ್ಕೆ, ಟಾರ್ ಇಬ್ಬರಿಗೂ. ಮೊದಲು ನೀರಿನ ಸ್ಕ್ರಬರ್, ಅದರ ಹಿಂದೆ ಸ್ವಲ್ಪ ಆಮ್ಲದ ನೀರು, ಕಾರ್ಬನ್, ಕಡೆಗೆ ಬಿಸಿ ಝಿಂಕ್ ಆಕ್ಸೈಡ್. ಗಂಧಕ ಕಾರ್ಬೊನಿಲ್ ಸಲ್ಫೈಡ್ ರೂಪದಲ್ಲಿದ್ದರೆ ತಣ್ಣನೆ ಝಿಂಕ್ ಆಕ್ಸೈಡ್ ಹಿಡಿಯಲ್ಲ, ಅಲ್ಯೂಮಿನಾ ಮೇಲೆ ಹಬೆಯ ಜೊತೆ ಒಡೆದು ಆಮೇಲೆ ಹಿಡೀಬೇಕು.

ಮಂಡಕ್ಕಿ ಭಟ್ಟಿ

ಎಲ್ಲರೂ ರಸಾಯನ ನೋಡಿದ್ರಿ, ಬಿಸಿ ಯಾರು ನೋಡೋರು?

ಮೂರು ಸಿಒ ಮೂರು ಹೈಡ್ರೋಜನ್ ಸೇರಿ ಒಂದು ಡಿಎಂಇ ಆದರೆ 246 ಕಿಲೋಜೂಲ್ ಹೊರಗೆ ಬರುತ್ತೆ, ಒಂದು ಸಿಒಗೆ 82. ಈ ಫೀಡ್‌ನಲ್ಲಿ ನಿಮಿಷಕ್ಕೆ 1 ಮಿಲಿಮೋಲ್ ಸಿಒ, 62% ಅಂದರೆ 51 ಜೂಲ್, 0.85 ವ್ಯಾಟ್. ಇಷ್ಟೇ ತಾನೇ ಅನ್ನಬೇಡ್ರಿ. ಅದು ಹುಟ್ಟೋದು ಒಂದು ಮಿಲೀ ಬೆಡ್‌ನಲ್ಲಿ. ಹರಳುಗಳ ಬೆಡ್ ಬಿಸಿ ಸಾಗಿಸೋದರಲ್ಲಿ ಬಲು ಸೋಮಾರಿ, ಮೀಟರ್-ಡಿಗ್ರಿಗೆ 0.3 ವ್ಯಾಟ್ ಹಿಡೀರಿ. 4.5 ಮಿಮೀ ತ್ರಿಜ್ಯಕ್ಕೆ ನಡುಮಧ್ಯ ಗೋಡೆಗಿಂತ ಸುಮಾರು 14 ಡಿಗ್ರಿ ಮೇಲೆ. ಇದು ಬೆಡ್ ಪೂರ್ತಿ ಸಮವಾಗಿ ಕೆಲಸ ಮಾಡಿದರೆ. ನಿಜದಲ್ಲಿ ಬಹುಪಾಲು ಕೆಲಸ ಮೇಲಿನ ಪದರದಲ್ಲೇ, ಅಲ್ಲಿ 30-40 ಡಿಗ್ರಿ ಆಗೋದು ಆಶ್ಚರ್ಯ ಅಲ್ಲ. ನಿಮ್ಮ ಥರ್ಮೋಕಪಲ್ ಹೊರಗೋಡೆಯ 260 ಓದುತ್ತೆ, ಒಳಗೆ ತಾಮ್ರ 290-300 ಕಾಣುತ್ತಿರುತ್ತೆ. ತಾಮ್ರ 1085 ಡಿಗ್ರಿಗೆ ಕರಗೋ ಲೋಹ, ಆದರೆ ಅದರ ಮೇಲ್ಮೈ ಪರಮಾಣುಗಳು 134ಕ್ಕೇ ಅಲುಗಾಡೋಕೆ ಶುರು. 300 ದಾಟಿಸಿದರೆ ಕಣ ಬೆಳೆಯೋದು ತಡೆಯೋಕಾಗಲ್ಲ.

ಮಂಡಕ್ಕಿ ಭಟ್ಟಿಯಲ್ಲಿ ಬಾಣಲೆಗೆ ಮರಳು ಯಾಕೆ ಹಾಕ್ತಾರೆ? ಬಿಸಿ ಎಲ್ಲ ಕಾಳಿಗೂ ಸಮ ಹಂಚೋಕೆ, ಒಂದು ಕಡೆ ಸೀಯಬಾರದು ಅಂತ. ನಿಮ್ಮ ಮರಳು ಸಿಲಿಕಾನ್ ಕಾರ್ಬೈಡ್. ಒಂದು ಅಳತೆ ಕ್ಯಾಟಲಿಸ್ಟ್‌ಗೆ ನಾಲ್ಕು ಅಳತೆ ಬೆರೆಸಿ, 16-18 ಮೆಶ್ ದಪ್ಪದ್ದು, ಸಾಣಿಗೆ ಅವರ ಲೆಕ್ಕಕ್ಕೂ ಬೇರೆಯಾಗಿ ಸಿಗುತ್ತೆ. ಅದೇ ಬಿಸಿ ಐದು ಪಟ್ಟು ಜಾಗಕ್ಕೆ ಹಂಚಿದರೆ 14 ಇದ್ದದ್ದು 3. ಥರ್ಮೋಕಪಲ್‌ನ ಸಣ್ಣ ಪೊರೆಯೊಳಗೆ ಹಾಕಿ ಬೆಡ್ ನಡುವಿಗೆ ಇಳಿಸಿ, ಮೇಲೆ ಕೆಳಗೆ ಎಳೆದು ನೋಡೋ ಹಾಗಿರಲಿ. ಜಪಾನಿನ ಕುಶಿರೊದಲ್ಲಿ ದಿನಕ್ಕೆ 100 ಟನ್ ಡಿಎಂಇ ಮಾಡಿದ ಪ್ರಾತ್ಯಕ್ಷಿಕೆ ಘಟಕದಲ್ಲಿ ಕ್ಯಾಟಲಿಸ್ಟ್ ಪುಡಿಯನ್ನ ಎಣ್ಣೆಯಲ್ಲಿ ತೇಲಿಸಿದ್ದು ಈ ಬಿಸಿಯ ಕಾಟಕ್ಕೇ.

ರಿಡಕ್ಷನ್ ಕಡೆ ಬನ್ನಿ. ಅದೇ ಈ ಪೋಸ್ಟ್‌ನ ದೊಡ್ಡ ತಪ್ಪು ಅನ್ನೋದು ನನ್ನ ಮಾತು. ನಿಮ್ಮ ತಾಮ್ರದ ಆಕ್ಸೈಡ್ ಸುಮಾರು 5 ಮಿಲಿಮೋಲ್. 5% ಹೈಡ್ರೋಜನ್‌ನಲ್ಲಿ ನಿಮಿಷಕ್ಕೆ ಒಳಗೆ ಹೋಗೋದು 0.11 ಮಿಲಿಮೋಲ್. ಅಂದರೆ ಒಂದು ಹನಿ ವ್ಯರ್ಥ ಆಗದಿದ್ದರೂ 45 ನಿಮಿಷ ಬೇಕು. ನೀವು 150ರಿಂದ 300ಕ್ಕೆ 30 ನಿಮಿಷದಲ್ಲಿ ಏರಿದ್ದೀರಿ. ತಾಮ್ರ ಇನ್ನೂ ರಿಡ್ಯೂಸ್ ಆಗ್ತಾ, ನೀರು ಇನ್ನೂ ಹುಟ್ತಾ ಇರೋವಾಗಲೇ 300 ಡಿಗ್ರಿ. ಹಬೆಯಲ್ಲಿ ಬೇಯಿಸಿದ್ರಿ. ಹೀಗೆ ಮಾಡ್ರಿ: ನಿಮಿಷಕ್ಕೆ 1 ಡಿಗ್ರಿಯಂತೆ 180, ಅಲ್ಲಿ 2 ಗಂಟೆ. ಮತ್ತೆ 1 ಡಿಗ್ರಿಯಂತೆ 230, ಅಲ್ಲಿ 4 ಗಂಟೆ. ಹೊರಗೆ ಬರೋ ಗ್ಯಾಸ್ ತಣ್ಣನೆ ಕನ್ನಡಿ ಮೇಲೆ ಮಂಜು ಕಟ್ಟದಿದ್ದರೆ ಮುಗೀತು. 240 ದಾಟಬೇಡ್ರಿ.

ಸಿನ್‌ಗ್ಯಾಸ್ ಬಿಡೋದೂ 220ರಲ್ಲಿ, ಆಮೇಲೆ ಗಂಟೆಗೆ 10 ಡಿಗ್ರಿಯಂತೆ 260. ಹೊಸ ಕ್ಯಾಟಲಿಸ್ಟ್ ಮೊದಲ ಗಂಟೆಯಲ್ಲಿ ಹುಚ್ಚುಕುದುರೆ.

ಕರೆಂಟ್ ಹೋಗೋದು ನಮ್ಮೂರಲ್ಲಿ ಕೇಳಬೇಕಾ. ಫ್ಲೋ ಕಂಟ್ರೋಲರ್ ಮುಚ್ಚಿಕೊಂಡು ಬೆಡ್ ಸಿನ್‌ಗ್ಯಾಸ್‌ನಲ್ಲೇ ತಣ್ಣಗಾದರೆ ಮೆಥನಾಲ್, ನೀರು ಹರಳಿನ ರಂಧ್ರದಲ್ಲೇ ಇಳಿಯುತ್ತೆ. ಕರೆಂಟ್ ಬಂದಾಗ ಫರ್ನೇಸ್ ಒಂದೇ ಸಲ ಎಗರಿ 20-30 ಡಿಗ್ರಿ ಮೇಲೆ ಹೋಗಿ ಬರುತ್ತೆ. ಸಾರಜನಕ ಲೈನಿಗೆ ಕರೆಂಟ್ ಇಲ್ಲದಾಗ ತೆರೆದುಕೊಳ್ಳೋ ಸೊಲೆನಾಯ್ಡ್ ವಾಲ್ವ್ ಹಾಕಿ, ಕಂಟ್ರೋಲರ್‌ನಲ್ಲಿ ಮತ್ತೆ ಶುರುವಾದಾಗ ನಿಧಾನ ಏರೋ ಹಾಗೆ ಸೆಟ್ ಮಾಡ್ರಿ. 120 ಗಂಟೆಯಲ್ಲಿ ಎಷ್ಟು ಸಲ ಹೋಯ್ತು ಅಂತ ಲಾಗ್ ಇದ್ದರೆ ಕನ್ವರ್ಷನ್ ಗ್ರಾಫ್ ಪಕ್ಕ ಇಟ್ಟು ನೋಡಿ, ಮೆಟ್ಟಿಲು ಬಿದ್ದ ಜಾಗ ಹೊಂದುತ್ತಾ ಅಂತ.

ಜೋಗಿಮಟ್ಟಿ

ಎಲ್ಲರಿಗೂ ಧನ್ಯವಾದ. ಟ್ರ್ಯಾಪ್ ದ್ರವದ ಬಾಟಲಿಗಳು ಇದ್ದವು. ಮೊದಲ ದಿನದ್ದು, ಗ್ಯಾಸ್ ಬಿಟ್ಟುಹೋದ ಮೇಲೆ ಉಳಿದದ್ದು 1 ಗ್ರಾಂ ಚಿಲ್ಲರೆ, ಅರ್ಧದಷ್ಟು ಮೆಥನಾಲ್. ಐದನೇ ದಿನದ್ದು 3 ಗ್ರಾಂ ಹತ್ತಿರ, ಮುಕ್ಕಾಲು ಮೆಥನಾಲ್. ಹೌದು, ಮೊದಲ ದಿನ ಸೋಡಾ ತರಹವೇ ಉಕ್ಕುತ್ತಿತ್ತು, ಕೊನೆಗೆ ಉಕ್ಕುವುದು ನಿಂತಿತ್ತು. ಬಳಸಿದ ಕ್ಯಾಟಲಿಸ್ಟ್‌ನ ಎಕ್ಸ್‌ಆರ್‌ಡಿಯಲ್ಲಿ 43.3 ಡಿಗ್ರಿಯ ತಾಮ್ರದ ಪೀಕ್‌ನಿಂದ ಕಣದ ಗಾತ್ರ 12 ನ್ಯಾನೋಮೀಟರ್, ರಿಡಕ್ಷನ್ ಆದ ಕೂಡಲೇ ತೆಗೆದದ್ದು 9.

ಹೈಡ್ರೋಕಾರ್ಬನ್ ಪೀಕ್‌ಗಳು ಮೆಟ್ಟಿಲಿನಂತೆಯೇ ಇಳಿಯುತ್ತವೆ, ಐಸೊಬ್ಯುಟೇನ್ ಕಾಣುತ್ತಿಲ್ಲ.

ಈಗ ಬೇರೆ ಬೇರೆ ಹರಳು, ನಾಲ್ಕು ಪಾಲು ಸಿಲಿಕಾನ್ ಕಾರ್ಬೈಡ್, ಹೊಸ ರಿಡಕ್ಷನ್, ಸಿಒಗೆ ಕಾರ್ಬನ್ ಟ್ರ್ಯಾಪ್, ಎಲ್ಲಾ ಹಾಕಿ 120 ಗಂಟೆ ಓಡಿಸಿದೆ. 60ರಿಂದ 54ಕ್ಕೆ ಇಳಿದಿದೆ. ಮೀಥೇನ್ ಇಲ್ಲ. ಹಳೇ ಬೆಡ್‌ನ 500 ಡಿಗ್ರಿ ಗಾಳಿಯಲ್ಲಿ ಸುಟ್ಟು ಮತ್ತೆ ಬಳಸಬಹುದೇ?

ಬೆಣ್ಣೆದೋಸೆ

9ರಿಂದ 12 ಅಂದರೆ ತಾಮ್ರದ ಮೇಲ್ಮೈ ಕಾಲು ಪಾಲು ಹೋಗಿದೆ. 62ನ್ನ 37 ಮಾಡೋಕೆ ಅದೊಂದೇ ಸಾಲದು. ದಿನದ ಮೆಥನಾಲ್ ನಾಲ್ಕು ಪಟ್ಟು ಏರಿರೋದು, ಅದೂ ಕನ್ವರ್ಷನ್ ಬಿದ್ದ ಮೇಲೆ: ಆಸಿಡ್ ಕಡೆಯದೇ ದೊಡ್ಡ ಪಾಲು. ಪೂರ್ತಿ ಸತ್ತಿಲ್ಲ, ಸತ್ತಿದ್ದರೆ 17ಕ್ಕೆ ನಿಲ್ಲುತ್ತಿತ್ತು.

500 ಡಿಗ್ರಿಯಲ್ಲಿ ಸುಡಬೇಡಿ. ಜಿಯೋಲೈಟ್‌ನ ಕೋಕ್ ಹೋಗುತ್ತೆ, ತಾಮ್ರ ಉಂಡೆ ಕಟ್ಟುತ್ತೆ. ಝಿಂಕ್ ಒಳಗೆ ಸರಿದಿದ್ದರೆ ಸುಟ್ಟರೂ ಹೊರಗೆ ಬರಲ್ಲ, ಇನ್ನಷ್ಟು ಒಳಗೇ ಹೋಗುತ್ತೆ. ಹರಳು ಬೇರೆ ಮಾಡಬಹುದಾದ ಬೆಡ್ ಆದರೆ ಜಿಯೋಲೈಟ್ ಮಾತ್ರ ಸುಟ್ಟು ಮತ್ತೆ ಹಾಕಬಹುದು, ಅದೇ ಅದರ ಇನ್ನೊಂದು ಲಾಭ.

ಸಾಣಿಗೆ

ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿಬಿಟ್ಟಿರಲ್ಲ ಮಾರಾಯರೇ! ಮೀಥೇನ್ ನಿಂತದ್ದು ಕಾರ್ಬನ್ ಟ್ರ್ಯಾಪ್‌ನಿಂದ ಎನ್ನಬಹುದು. ಮಿಕ್ಕ ಉಪಕಾರ ಹರಳಿನದೋ, ಕಾರ್ಬೈಡ್‌ನದೋ, ರಿಡಕ್ಷನ್‌ನದೋ ಹೇಗೆ ಹೇಳುವುದು?

ಇನ್ನೊಂದೇ ಓಟ ಸಾಕು. ಹಳೆಯಂತೆ ಒಟ್ಟಿಗೆ ಅರೆದ ಹರಳು, ಮಿಕ್ಕಿದ್ದೆಲ್ಲಾ ಹೊಸತರಂತೆ: ಕಾರ್ಬೈಡ್, ನಿಧಾನ ರಿಡಕ್ಷನ್, ಟ್ರ್ಯಾಪ್. ಅದೂ ಬೇಗ ಬಿದ್ದರೆ ಝಿಂಕ್ ಸರಿಯುವುದೇ ಎಂದು ಧೈರ್ಯವಾಗಿ ಬರೆಯಬಹುದು. ಬೀಳದಿದ್ದರೆ ಮಂಡಕ್ಕಿ ಭಟ್ಟಿಯವರ ಮಾತು ಗೆದ್ದಿತು, ನಾನು ಸುಮ್ಮನಾಗುತ್ತೇನೆ. ಅಷ್ಟರಲ್ಲಿ ಈಗ ಇಳಿಸಿದ ಬೆಡ್ ಪ್ಯಾಸಿವೇಟ್ ಮಾಡಿ (ಆ 1% ಆಮ್ಲಜನಕ ಹಾಯಿಸಿ), ಮೊದಲು 18 ಮೆಶ್‌ನಲ್ಲಿ ಕಾರ್ಬೈಡ್ ತೆಗೆದು, ಆಮೇಲೆ 30ರಲ್ಲಿ ಜಿಯೋಲೈಟ್ ಬೇರೆ ಮಾಡಿ ಇಡಿ. ಹೊಸ ಜಿಯೋಲೈಟ್‌ನ ಅರ್ಧ ಗ್ರಾಂ ಕೂಡ ಪಕ್ಕಕ್ಕೆ ತೆಗೆದಿಡಿ, ಟಿಪಿಡಿಗೆ ಎರಡೂ ಒಂದೇ ದಿನ, ಒಂದೇ ಟ್ಯೂಬಿನಲ್ಲಿ ಹೋಗಬೇಕು.